ಅಲೆಗಿಂತ ಎತ್ತರದ ತಪ್ಪು

ಕರ್ನಾಟಕದ ಕಡಲತೀರದ ಉದ್ದ ಎಷ್ಟು? ಸರ್ಕಾರಿ ಕಡತಗಳಲ್ಲಿ ದಶಕಗಳ ಕಾಲ ಉಳಿದುಕೊಂಡಿದ್ದ ಉತ್ತರ 280 ಕಿಲೋಮೀಟರ್. ಕೇಂದ್ರ ಗೃಹ ಸಚಿವಾಲಯದ 2023–24ರ ವಾರ್ಷಿಕ ವರದಿ ಬರುವಷ್ಟರಲ್ಲಿ ಅದು 343.30 ಕಿಲೋಮೀಟರ್ ಆಗಿತ್ತು. ನಡುವೆ ಕಡಲು ಎಲ್ಲಿಗೂ ಹೋಗಿರಲಿಲ್ಲ. ತಲಪಾಡಿಯೂ ಕಾರವಾರವೂ ಇದ್ದಲ್ಲೇ ಇದ್ದವು. 1970ರ ದಶಕದಲ್ಲಿ ಅಳೆದವರ ಮುಂದಿದ್ದದ್ದು 45 ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆ. ಅಳಿವೆ, ಕೊಲ್ಲಿ, ಹೊಳೆಬಾಯಿಗಳೆಲ್ಲ ಅದರಲ್ಲಿ ಒಂದೇ ಗೀರಿನೊಳಗೆ ಮುಚ್ಚಿಹೋಗಿದ್ದವು. ಈ ಸಲ ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ಅಳೆದರು. 63 ಕಿಲೋಮೀಟರ್ ತೀರ ಹೊಸದಾಗಿ ಸಿಕ್ಕಿತು. ಇಡೀ ದೇಶದ ಲೆಕ್ಕ 7,516.6 ಕಿಲೋಮೀಟರಿನಿಂದ 11,098.81ಕ್ಕೆ ಏರಿತು.

ಉದ್ದದ ಲೆಕ್ಕವೇ ಹೀಗೆ ಹಿಗ್ಗುವುದಾದರೆ ಎತ್ತರದ ಲೆಕ್ಕದ ಗತಿ ಏನು? ಸುನಾಮಿಯ ಮಟ್ಟಿಗೆ ಉದ್ದಕ್ಕಿಂತ ಎತ್ತರವೇ ಮುಖ್ಯ. ತೀರದಲ್ಲಿ ಎರಡು ಮೀಟರ್ ಏರಿದ ನೀರು ಯಾರ ಮನೆಯ ಜಗಲಿ ಹತ್ತುತ್ತದೆ, ಯಾರ ಅಂಗಳದ ಹೊರಗೇ ನಿಲ್ಲುತ್ತದೆ ಎಂಬುದನ್ನು ಆ ನೆಲ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬ ಒಂದೇ ಅಂಕಿ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಮಂಗಳೂರಿನಲ್ಲಿ ಈ ವಿಷಯ ಸಾಮಾನ್ಯವಾಗಿ ಏಳುವುದು ಜಾಗ ಕೊಳ್ಳುವ ಮಾತಿನ ನಡುವೆ. ದೇರೆಬೈಲಿನಲ್ಲಿ ಫ್ಲ್ಯಾಟ್ ನೋಡಿ ಬಂದವರು, ಕೊಂಚಾಡಿಯಲ್ಲಿ ಹತ್ತು ಸೆಂಟ್ಸ್ ಜಾಗಕ್ಕೆ ಮುಂಗಡ ಕೊಟ್ಟವರು ಅಂಕಣಕಾರನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಲ್ಲ ಮಾರಾಯ್ರೇ, ಸುನಾಮಿ ಗಿನಾಮಿ ಬಂದ್ರೆ ಅಲ್ಲಿವರೆಗೆ ನೀರು ಬರ್ತದಾ?" ಮೇಲಿನ ದೇರೆಬೈಲಿನ ಮಟ್ಟಿಗೆ ಉತ್ತರ ಸುಲಭ. ಕೊಂಚಾಡಿ, ಬೊಂದೇಲ್, ಕಾವೂರಿನ ಕಡೆಗೆ ಹಬ್ಬಿದ ಮುರಕಲ್ಲಿನ ಗುಡ್ಡಗಳ ಸಾಲಿನಲ್ಲಿ ಅದೂ ಒಂದು. ಕಡಲಿನಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ನೀರಿನ ಮಟ್ಟದಿಂದ ಹತ್ತಾರು ಮೀಟರ್ ಮೇಲೆ. ಅರಬ್ಬಿ ಸಮುದ್ರದಲ್ಲಿ ಇಲ್ಲಿಯವರೆಗೆ ಕಂಡ ಯಾವ ಅಲೆಯೂ ಆ ಎತ್ತರಕ್ಕೆ ಏರಿದ್ದಲ್ಲ. ಆದರೆ ಪಾಲಿಕೆಯ ವಾರ್ಡ್ ಪಟ್ಟಿಯಲ್ಲಿ ದೇರೆಬೈಲ್ ಒಂದೇ ಅಲ್ಲ. ಉತ್ತರ, ದಕ್ಷಿಣ, ಪಶ್ಚಿಮ ಎಂದು ಹಲವು ಇವೆ. ಗುಡ್ಡದ ನೆತ್ತಿಗೂ ಕೊಟ್ಟಾರದ ಕಡೆ ಇಳಿಯುವ ಅಂಚಿಗೂ ಹೆಸರು ಒಂದೇ, ನೆಲ ಬೇರೆ. ಈ ಅಂಚಿನ ಬಗ್ಗೆ ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ.

ಹಾಗೆ ನೋಡಿದರೆ ದಕ್ಷಿಣ ಕನ್ನಡದ ರೈತರು ಎತ್ತರದ ನಕ್ಷೆಯನ್ನು ಬಹಳ ಹಿಂದೆಯೇ ಮಾಡಿಟ್ಟಿದ್ದಾರೆ. ಗದ್ದೆಗಳನ್ನು ಅವರು ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದರು. ನೀರು ನಿಲ್ಲುವ ತಗ್ಗಿನ ನೆಲ ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಮೇಲಿನದು ಬೆಟ್ಟು. ಒಂದೆರಡು ಮೀಟರ್ ಅಂತರ ಯಾವ ಬೆಳೆಗೆ, ಯಾವ ತಿಂಗಳಿಗೆ ಏನು ಮಾಡುತ್ತದೆ ಎಂಬುದು ಅವರ ಲೆಕ್ಕಕ್ಕೆ ಸಿಕ್ಕಿತ್ತು. ಬಾಹ್ಯಾಕಾಶದಿಂದ ಬಂದ ಮೊದಲ ಎತ್ತರದ ದತ್ತಾಂಶಕ್ಕೆ ಸಿಗದೆ ಹೋದದ್ದು ಅದೇ ಒಂದೆರಡು ಮೀಟರ್.

ಆ ಕತೆಗೆ ಮೊದಲು, ಅಪಾಯ ನಿಜವಾಗಿ ಎಲ್ಲಿಂದ ಬರಬಹುದು ಎಂಬುದನ್ನು ನೋಡಬೇಕು. ಪಶ್ಚಿಮ ಕರಾವಳಿಗೆ ಸುನಾಮಿ ಕಳಿಸಬಲ್ಲ ಜಾಗ ಮುಖ್ಯವಾಗಿ ಎರಡು. ಒಂದು ಸುಮಾತ್ರಾ–ಅಂಡಮಾನಿನ ಕಡಲಗುಂಡಿ. 2004ರ ಡಿಸೆಂಬರ್ 26ರ ಬೆಳಗ್ಗೆ ಆರೂವರೆಯ ಹೊತ್ತಿಗೆ ಅಲ್ಲಿ 9.1 ತೀವ್ರತೆಯ ಭೂಕಂಪವಾಯಿತು. ಅಲೆಗಳು ಶ್ರೀಲಂಕಾವನ್ನು ಬಳಸಿಕೊಂಡು ಬಾಗಿ, ಮಧ್ಯಾಹ್ನದ ಹೊತ್ತಿಗೆ ಕೇರಳದ ತೀರಕ್ಕೆ ಅಪ್ಪಳಿಸಿದವು. ಕೊಚ್ಚಿಯ ಮತ್ತು ಗೋವಾದ ಮರ್ಮಗೋವಾದ ಉಬ್ಬರವಿಳಿತ ಮಾಪಕಗಳು ಅವನ್ನು ದಾಖಲಿಸಿದವು. ಕರ್ನಾಟಕಕ್ಕೆ ಬರುವ ಹೊತ್ತಿಗೆ ಬಲ ಕುಗ್ಗಿತ್ತು, ಇಲ್ಲಿ ದೊಡ್ಡ ಪೆಟ್ಟು ಬೀಳಲಿಲ್ಲ. "ನಮಗೇನೂ ಆಗುವುದಿಲ್ಲ" ಎಂಬ ಕರಾವಳಿಯ ಧೈರ್ಯಕ್ಕೆ ಅಂದಿನ ಈ ಪಾರಾಗುವಿಕೆಯೇ ಆಧಾರ.

ಇನ್ನೊಂದು ಜಾಗ ಮಕ್ರಾನ್, ಇರಾನ್ ಮತ್ತು ಪಾಕಿಸ್ತಾನದ ದಕ್ಷಿಣ ತೀರ. ಅಲ್ಲಿ ಅರಬ್ಬಿ ಸಮುದ್ರದ ತಳ ಏಷ್ಯಾದ ಅಡಿಗೆ ಜಾರುತ್ತಿದೆ. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ತೀವ್ರತೆಯ ಭೂಕಂಪವಾಗಿ ಪಸ್ನಿ, ಓರ್ಮಾರಾ ಊರುಗಳು ಹಾಳಾದವು. ಬೆಳಗಾಗಿ ಎಂಟು ಗಂಟೆ ದಾಟಿದ ಮೇಲೆ ಮುಂಬೈಯ ವರ್ಸೋವಾ, ಜುಹು ಕಡೆಗಳಲ್ಲಿ ಸುಮಾರು ಎರಡು ಮೀಟರ್ ಎತ್ತರದ ನೀರು ನುಗ್ಗಿ ಜನರನ್ನು ಎಳೆದುಕೊಂಡು ಹೋಯಿತು. ಸುಮಾತ್ರದ ಅಲೆಗೆ ಅಡ್ಡ ನಿಲ್ಲಲು ಶ್ರೀಲಂಕಾ ಇತ್ತು. ಮಕ್ರಾನಿಗೂ ಮಂಗಳೂರಿಗೂ ನಡುವೆ ಬರೀ ತೆರೆದ ಸಮುದ್ರ. ಅಲ್ಲಿ 9ರ ಆಸುಪಾಸಿನ ಭೂಕಂಪವೂ ಸಾಧ್ಯ ಎಂದು ಭೂವಿಜ್ಞಾನಿಗಳು 2013ರಿಂದ ಹೇಳುತ್ತಿದ್ದಾರೆ. ನಾಲ್ಕು ಸಾವಿರ ಮೀಟರ್ ಆಳದ ನೀರಿನಲ್ಲಿ ಸುನಾಮಿಯ ವೇಗ ಗಂಟೆಗೆ 700 ಕಿಲೋಮೀಟರ್ ದಾಟುತ್ತದೆ. 50 ಮೀಟರ್ ಆಳದಲ್ಲಿ ಅದು ಎಂಬತ್ತಕ್ಕೆ ಇಳಿಯುತ್ತದೆ. ತೀರಕ್ಕೆ ಹತ್ತಿರವಾದಷ್ಟೂ ವೇಗ ಇಳಿಯುತ್ತದೆ, ಎತ್ತರ ಏರುತ್ತದೆ. ಮಂಗಳೂರಿಗೆ ಬರಲು ಕೆಲವು ಗಂಟೆ ಬೇಕು. ಹೈದರಾಬಾದಿನ ಇಂಕಾಯಿಸ್ ಕೇಂದ್ರ, ಅಂದರೆ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, 2007ರ ಅಕ್ಟೋಬರಿನಿಂದ ಮುನ್ನೆಚ್ಚರಿಕೆ ವ್ಯವಸ್ಥೆ ನಡೆಸುತ್ತಿದೆ. ಭೂಕಂಪವಾದ ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಕೊಡಲು ಅದಕ್ಕೆ ಸಾಧ್ಯ.

ಆದ್ದರಿಂದ ಇಲ್ಲಿ ಕೊರತೆ ಸಮಯದ್ದಲ್ಲ. ಎಚ್ಚರಿಕೆ ಬಂದ ಮೇಲೆ ಯಾರು ಏಳಬೇಕು, ಯಾರು ಕುಳಿತಲ್ಲೇ ಇರಬಹುದು ಎಂದು ತಿಳಿಯುವುದೇ ಕಷ್ಟ.

2004ರಲ್ಲಿ ಕೇರಳದಲ್ಲಿ ಅತಿ ಹೆಚ್ಚು ಜೀವ ಹೋದದ್ದು ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಪಂಚಾಯಿತಿಯಲ್ಲಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕಾಲುವೆ, ನಡುವೆ ಮರಳಿನ ಕಿರಿದಾದ ಪಟ್ಟಿ. ಮುಂದಿನಿಂದ ಅಲೆ ಬಂದಾಗ ಹಿಂದಕ್ಕೆ ಓಡಲು ನೆಲವೇ ಇರಲಿಲ್ಲ. ಇದನ್ನು ಓದಿದ ಮಂಗಳೂರಿನವರಿಗೆ ಕೂಡಲೇ ಬೆಂಗ್ರೆ ಕಣ್ಣ ಮುಂದೆ ಬಂದರೆ ಆಶ್ಚರ್ಯವಿಲ್ಲ. ಸುಲ್ತಾನ್ ಬತ್ತೇರಿಯ ದೋಣಿ ಹತ್ತಿ ತಣ್ಣೀರುಬಾವಿಗೆ ಹೋದವರೆಲ್ಲ ಆ ಪಟ್ಟಿಯನ್ನು ನೋಡಿದ್ದಾರೆ. ಗುರುಪುರ ಹೊಳೆ ಕೂಳೂರಿನ ತನಕ ಬಂದು, ನೇರ ಕಡಲಿಗೆ ಬೀಳದೆ, ತೀರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ತಿರುಗಿ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ಹಾಗೆ ತಿರುಗಿದ್ದರಿಂದಲೇ ಹೊಳೆಗೂ ಕಡಲಿಗೂ ನಡುವೆ ತಣ್ಣೀರುಬಾವಿ, ತೋಟ ಬೆಂಗ್ರೆ, ಕಸಬಾ ಬೆಂಗ್ರೆಗಳು ಉಳಿದಿವೆ. ಸಸಿಹಿತ್ಲು, ಮಲ್ಪೆಯ ಪಡುಕರೆ, ಕೋಡಿಬೆಂಗ್ರೆ, ಮರವಂತೆ – ಕರಾವಳಿಯುದ್ದಕ್ಕೂ ಈ ಆಕಾರ ಮತ್ತೆ ಮತ್ತೆ ಕಾಣಿಸುತ್ತದೆ.

ಮಂಗಳೂರಿನ ಅಪಾಯವನ್ನು ಪಣಂಬೂರು ಬೀಚಿನಲ್ಲಿ ನಿಂತು ಪಡುವಣಕ್ಕೆ ನೋಡುತ್ತಾ ಊಹಿಸುವುದು ರೂಢಿ. ನೀರಿಗೆ ಹೆಚ್ಚು ಸಲೀಸಾದ ದಾರಿ ಅಳಿವೆ ಬಾಗಿಲು. ಒಳಗೆ ಬಂದ ನೀರು ಹೊಳೆಯ ಪಾತ್ರ ಹಿಡಿದು ಬೆಂಗ್ರೆಯ ಬೆನ್ನಿಗೆ, ದಕ್ಕೆಗೆ, ಬೊಕ್ಕಪಟ್ಣಕ್ಕೆ, ಬೋಳೂರಿಗೆ, ಇನ್ನೂ ಮೇಲಕ್ಕೆ ಕೂಳೂರಿನ ಕಡೆಗೆ ತಲುಪಬಹುದು. ಹೊಳೆಗೆ ಸೇರುವ ರಾಜಕಾಲುವೆಗಳ ಬಾಯಿ ತೆರೆದೇ ಇರುತ್ತದೆ. ಕೊಟ್ಟಾರ ಚೌಕಿಯ ನೀರು ಹರಿದು ಹೋಗುವುದೂ ಅಂಥದ್ದೊಂದರ ಮೂಲಕ. ಮಳೆಗಾಲದಲ್ಲಿ ಜೋರು ಮಳೆಯೂ ಕಡಲಿನ ಉಬ್ಬರವೂ ಒಟ್ಟಿಗೆ ಬಂದ ದಿನ ಕೊಟ್ಟಾರದಲ್ಲಿ ವಾಹನಗಳು ಅರ್ಧ ಮುಳುಗುವ ದೃಶ್ಯ ಮಂಗಳೂರಿಗರಿಗೆ ಹೊಸದಲ್ಲ. ಅಲ್ಲಿಂದ ದೇರೆಬೈಲಿನ ಏರು ಶುರುವಾಗುತ್ತದೆ. ಆ ಏರಿನಲ್ಲಿ ಎಲ್ಲಿ ಗೆರೆ ಎಳೆಯಬೇಕು ಎಂಬುದು ಮೀಟರುಗಳ ಪ್ರಶ್ನೆ.

ಇನ್ನು ನಕ್ಷೆಗಳ ವಿಷಯ. ಇಂಕಾಯಿಸ್ 2012ರಲ್ಲಿ ಇಡೀ ದೇಶದ ಕರಾವಳಿಗೆ ಒಂದು ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ದುರ್ಬಲತೆಯ ಅಟ್ಲಾಸ್ ಹೊರತಂದಿತು. ಆಮೇಲೆ 25 ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಬಹು-ಅಪಾಯ ನಕ್ಷೆಗಳನ್ನೂ ಮಾಡಿತು. ಸಮುದ್ರಮಟ್ಟದ ಏರಿಕೆ, ತೀರ ಸವೆಯುವ ವೇಗ, ನೂರು ವರ್ಷಕ್ಕೊಮ್ಮೆ ಬರಬಹುದಾದ ನೀರಿನ ಮಟ್ಟ, ನೆಲದ ಎತ್ತರ ಇವೆಲ್ಲ ಅದರಲ್ಲಿ ಸೇರಿವೆ. ಕೇಂದ್ರ ಪರಿಸರ ಸಚಿವಾಲಯ ಸರ್ವೆ ಆಫ್ ಇಂಡಿಯಾದ ಕೈಯಲ್ಲಿ ವಿಮಾನದಿಂದ ಫೋಟೋ ತೆಗೆಸಿ, ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆಗಳನ್ನು ಎಳೆಸಿ, 2018ರಲ್ಲಿ ‘ಅಪಾಯ ರೇಖೆ’ಯನ್ನು ಪ್ರಕಟಿಸಿತು. ಒಳ್ಳೆಯ ಕೆಲಸವೇ. ಆದರೆ ಆ ರೇಖೆ ಉಬ್ಬರ, ಬಿರುಗಾಳಿ, ತೀರದ ಸವೆತಗಳ ಲೆಕ್ಕದಲ್ಲಿ ನಿಂತದ್ದು. ಸುನಾಮಿಯ ಅಲೆ ಹೊಳೆಯ ಒಳಗೆ ನುಗ್ಗಿ ಹೇಗೆ ನಡೆದುಕೊಳ್ಳುತ್ತದೆ ಎಂದು ತೋರಿಸುವ, ಬೀದಿ ಬೀದಿಗೂ ಆಳ ಹೇಳುವ ನಕ್ಷೆಯ ಕೆಲಸ ಬೇರೆ. ಅದಕ್ಕೆ ಬೇಕಾದ ಕಂಪ್ಯೂಟರ್ ಮಾದರಿಗಳು ಬಹಳ ಹಿಂದಿನಿಂದಲೂ ಇವೆ. ಅವು ಕೇಳುವ ನೆಲದ ಅಂಕಿಅಂಶವೇ ಸಾಲದೆ ಬಂದದ್ದು.

2004ರ ನಂತರ ಜಗತ್ತಿನ ಅನೇಕ ಸುನಾಮಿ ನಕ್ಷೆಗಳಿಗೆ ಆಧಾರವಾದದ್ದು ಎಸ್‌ಆರ್‌ಟಿಎಂ ಎಂಬ ದತ್ತಾಂಶ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರ್ ಅಲೆಗಳಿಂದ ಎತ್ತರ ಅಳೆದಿತ್ತು. ಆ ಕಾಲಕ್ಕೆ ಅದೊಂದು ಅದ್ಭುತ, ಪುಕ್ಕಟೆಯಾಗಿ ಸಿಕ್ಕಿತು ಬೇರೆ. ಆದರೆ ಮಿತಿಗಳನ್ನು ನೋಡಿ. ಅಮೆರಿಕದ ಹೊರಗಿನ ದೇಶಗಳಿಗೆ 2014ರವರೆಗೆ ಕೊಟ್ಟದ್ದು 90 ಮೀಟರ್ ಚೌಕದ ದತ್ತಾಂಶ. ಒಂದು ಚೌಕ ಎಂದರೆ ಎರಡು ಎಕರೆ, ಅಷ್ಟಕ್ಕೂ ಒಂದೇ ಎತ್ತರ. ಆಮೇಲೆ ಕೊಟ್ಟ 30 ಮೀಟರಿನ ಚೌಕವೂ ಮಂಗಳೂರಿನ ಲೆಕ್ಕದಲ್ಲಿ ಇಪ್ಪತ್ತೆರಡು ಸೆಂಟ್ಸ್. ಆ ಜಾಗದಲ್ಲಿ ಎರಡು ಮನೆ, ಒಂದು ಬಾವಿ, ನಾಲ್ಕು ಅಡಿ ತಗ್ಗಿನ ತೋಡು ಎಲ್ಲ ಇರಬಹುದು. ನಕ್ಷೆಗೆ ಸಿಗುವುದು ಒಂದು ಅಂಕಿ. ಅದೂ ಪೂರ್ಣಾಂಕ. ಎಸ್‌ಆರ್‌ಟಿಎಂನಲ್ಲಿ ಎರಡೂಕಾಲು ಮೀಟರ್ ಎಂಬುದೇ ಇಲ್ಲ, ಎರಡು ಇಲ್ಲವೇ ಮೂರು.

ಇದಕ್ಕಿಂತ ದೊಡ್ಡ ತೊಂದರೆ ರೇಡಾರ್ ಎಲ್ಲಿಂದ ಮರಳಿತು ಎಂಬುದು. ಅದು ಎಲ್ಲ ಕಡೆ ನೆಲ ಮುಟ್ಟುವುದಿಲ್ಲ, ಮರದ ತಲೆಯಿಂದ, ಮನೆಯ ಮಾಡಿನಿಂದಲೂ ಹಿಂದಿರುಗುತ್ತದೆ. ಮೀನು ಮಾರುವ ಹೆಂಗಸಿನ ಎತ್ತರವನ್ನು ತಲೆಯ ಮೇಲಿನ ಬುಟ್ಟಿಯ ಸಮೇತ ಅಳೆದ ಹಾಗೆ. ಬೆಂಗ್ರೆಯ ತೆಂಗಿನ ತೋಟ, ತಣ್ಣೀರುಬಾವಿಯ ಗಾಳಿಮರಗಳ ಸಾಲು, ಹೊಳೆಬದಿಯ ಕಾಂಡ್ಲಾ ಪೊದೆ – ಇವೆಲ್ಲ ನೆಲದ ಎತ್ತರಕ್ಕೆ ಸೇರಿಕೊಳ್ಳುತ್ತವೆ. ನಕ್ಷೆಯಲ್ಲಿ ಮರಳುಪಟ್ಟಿ ಗುಡ್ಡದಂತೆ ಮೇಲೆದ್ದು ಕಾಣುತ್ತದೆ. ಕಂಪ್ಯೂಟರ್ ಆ ‘ಗುಡ್ಡ’ದ ಮುಂದೆ ಅಲೆಯನ್ನು ನಿಲ್ಲಿಸಿಬಿಡುತ್ತದೆ.

ಈ ತಪ್ಪು ಎಷ್ಟು ದೊಡ್ಡದು? ಅಮೆರಿಕದ ಕ್ಲೈಮೇಟ್ ಸೆಂಟ್ರಲ್ ಸಂಸ್ಥೆಯ ಸ್ಕಾಟ್ ಕಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ ಇದನ್ನು ಜಗತ್ತಿನ ಮಟ್ಟದಲ್ಲಿ ಲೆಕ್ಕ ಹಾಕಿದರು. ತಗ್ಗಿನ ಕರಾವಳಿಗಳಲ್ಲಿ ಎಸ್‌ಆರ್‌ಟಿಎಂ ನೆಲವನ್ನು ಸರಾಸರಿ ಎರಡು ಮೀಟರಿನಷ್ಟು ಮೇಲೆ ತೋರಿಸುತ್ತಿತ್ತು. ಆ ತಪ್ಪನ್ನು ತಿದ್ದಿ 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಇವತ್ತಿನ ಉಬ್ಬರದ ಮಟ್ಟಕ್ಕಿಂತ ಕೆಳಗೆ ವಾಸಿಸುವವರು ಸುಮಾರು 11 ಕೋಟಿ; ಹಳೆಯ ದತ್ತಾಂಶದಲ್ಲಿ ಅದು ಮೂರು ಕೋಟಿಯೂ ಇರಲಿಲ್ಲ. ಜನ ಎಲ್ಲೂ ಕದಲಿಲ್ಲ, ಅವರ ಕಾಲಡಿಯ ನೆಲವನ್ನು ಸರಿಯಾಗಿ ಅಳೆದದ್ದಷ್ಟೇ.

ಈಗ ಎರಡು ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಇಂಕಾಯಿಸ್‌ನ ವ್ಯವಸ್ಥೆಯಲ್ಲಿ ಅಲೆ ಎರಡು ಮೀಟರಿಗಿಂತ ಹೆಚ್ಚಾಗಬಹುದಾದರೆ ಅತ್ಯುನ್ನತ ಎಚ್ಚರಿಕೆ, ಅರ್ಧದಿಂದ ಎರಡು ಮೀಟರಾದರೆ ಅದರ ಕೆಳಗಿನದು. 1945ರಲ್ಲಿ ಮುಂಬೈಗೆ ಬಂದದ್ದೂ ಎರಡು ಮೀಟರಿನ ಆಸುಪಾಸು. ನೆಲದ ದತ್ತಾಂಶದ ತಪ್ಪೂ ಎರಡು ಮೀಟರ್, ಅದೂ ಸರಾಸರಿಯಲ್ಲಿ. ತೆಂಗಿನ ತೋಟದಲ್ಲಿ ಇನ್ನೂ ಹೆಚ್ಚು. ಅಲೆ ಎಷ್ಟಿದೆಯೋ ತಪ್ಪು ಅಷ್ಟೇ ಇದ್ದರೆ ಆ ನಕ್ಷೆ ಬೆಂಗ್ರೆಯ ಬಗ್ಗೆ ಏನು ಹೇಳಿದರೂ ಅದು ಊಹೆ. ಜಪಾನಿನ ಸಾನ್ರಿಕು ತೀರದಂತೆ ಹತ್ತಿಪ್ಪತ್ತು ಮೀಟರಿನ ಅಲೆ ಬರುವ ಕಡೆ ಎರಡು ಮೀಟರಿನ ತಪ್ಪನ್ನು ನುಂಗಿಕೊಳ್ಳಬಹುದು. ಅಪಾಯ ಸಣ್ಣದಿರುವ, ನೆಲ ಚಪ್ಪಟೆಯಾಗಿರುವ ನಮ್ಮಂಥ ಕಡೆಗೇ ಸೂಕ್ಷ್ಮವಾದ ಅಳತೆ ಹೆಚ್ಚು ಬೇಕು. ‘ಇಲ್ಲಿ ಸುನಾಮಿ ಅಪರೂಪ, ಒರಟು ನಕ್ಷೆ ಸಾಕು’ ಎನ್ನುವ ವಾದವನ್ನು ಅಂಕಣಕಾರ ಒಪ್ಪದಿರುವುದು ಇದೇ ಕಾರಣಕ್ಕೆ.

ಹಳತಾಗುವ ಸಮಸ್ಯೆಯೂ ಇದೆ. 2000ದ ಫೆಬ್ರುವರಿಯ ರೇಡಾರಿಗೆ ಕಂಡ ಮಂಗಳೂರು ಬೇರೆಯೇ ಊರು. ಕೆಂಜಾರಿನ ಹೊಸ ರನ್‌ವೇಯಲ್ಲಿ ವಿಮಾನ ಇಳಿಯಲು ಶುರುವಾದದ್ದು 2006ರಲ್ಲಿ. ಅದಕ್ಕಾಗಿ ಕಣಿವೆ ತುಂಬಿ ಗುಡ್ಡ ಸಮ ಮಾಡಿದರು. ವಿಶೇಷ ಆರ್ಥಿಕ ವಲಯಕ್ಕಾಗಿ ಪೆರ್ಮುದೆ, ಕಳವಾರಿನ ಕಡೆ ನೆಲದ ರೂಪವೇ ಬದಲಾಯಿತು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ ಮೇಲೆದ್ದಿತು. ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರುಗಳಲ್ಲಿ ಮೇಲ್ಸೇತುವೆ ಬಂದವು. ತಗ್ಗಿನ ಗದ್ದೆಗಳನ್ನು ಲಾರಿಗಟ್ಟಲೆ ಮಣ್ಣು ಹಾಕಿ ಎತ್ತರಿಸಿದ ಪ್ರತಿಯೊಂದು ಲೇಔಟೂ ನೀರಿನ ದಾರಿಯನ್ನು ಪಕ್ಕದವರ ಅಂಗಳಕ್ಕೆ ತಿರುಗಿಸಿದೆ.

ರಸ್ತೆಯ ಏರಿಗಳು ಸುನಾಮಿಯಲ್ಲಿ ಎಷ್ಟು ದೊಡ್ಡ ಪಾತ್ರ ವಹಿಸುತ್ತವೆ ಎಂಬುದನ್ನು ಜಪಾನಿನ ಸೆಂಡಾಯ್ ಬಯಲು ತೋರಿಸಿಕೊಟ್ಟಿದೆ. 2011ರ ಸುನಾಮಿಯಲ್ಲಿ ನೀರು ಸುಮಾರು ಐದು ಕಿಲೋಮೀಟರ್ ಒಳನುಗ್ಗಿದಾಗ, ಏಳರಿಂದ ಹತ್ತು ಮೀಟರ್ ಎತ್ತರದ ಟೋಬು ಹೆದ್ದಾರಿಯ ಮಣ್ಣಿನ ಏರಿ ಅನೇಕ ಕಡೆ ಅದನ್ನು ತಡೆಯಿತು. ಇನ್ನೂರಕ್ಕೂ ಹೆಚ್ಚು ಜನ ಅದನ್ನೇ ಹತ್ತಿ ಬದುಕಿದರು. ಅಂಥ ಏರಿ ದತ್ತಾಂಶದಲ್ಲಿ ಇಲ್ಲದಿದ್ದರೆ ನಕ್ಷೆ ಹೆದ್ದಾರಿಯ ಆಚೆಯೂ ಮುಳುಗಿಸುತ್ತದೆ. ಇದರ ವಿರುದ್ಧದ ತಪ್ಪೂ ಆಗುತ್ತದೆ. ಕೊಟ್ಟಾರದ ಮೇಲ್ಸೇತುವೆಯ ಕೆಳಗೆ ಬಸ್ಸುಗಳೇ ಹಾದುಹೋಗುತ್ತವೆ, ಮೇಲಿನಿಂದ ಅಳೆದ ಯಂತ್ರಕ್ಕೆ ಮಾತ್ರ ಅದೊಂದು ಗೋಡೆ. ಯಾರಾದರೂ ಕುಳಿತು ಆ ಗೋಡೆಯನ್ನು ದತ್ತಾಂಶದಿಂದ ಕಿತ್ತು, ಅಡಿಯ ನೆಲವನ್ನು ಮತ್ತೆ ಕೂಡಿಸಬೇಕು. ಪ್ರತಿಯೊಂದು ಮೋರಿಯ ಬಾಯಿಯನ್ನೂ ಕೈಯಾರೆ ತೆರೆಯಬೇಕು. ಇಂಥ ಕೆಲಸಕ್ಕೆ ಉಪಗ್ರಹಕ್ಕಿಂತ ಪಾಲಿಕೆಯ ಎಂಜಿನಿಯರುಗಳ ನೆನಪು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಳ್ಳೆಯ ಅಳತೆಗೆ ಸಾಧನಗಳು ಈಗ ಇವೆ. ವಿಮಾನದಿಂದಲೋ ಡ್ರೋನಿನಿಂದಲೋ ಲೇಸರ್ ಬಿಡುವ ಲೈಡಾರ್ ಅವುಗಳಲ್ಲಿ ಮೊದಲನೆಯದು. ಒಂದೊಂದು ಚದರ ಮೀಟರಿಗೂ ಹಲವು ಬಿಂದುಗಳು ಬೀಳುತ್ತವೆ. ತೆಂಗಿನ ಗರಿಗೆ ತಾಗಿ ಮರಳಿದ ಬೆಳಕು ಮೊದಲು ಬರುತ್ತದೆ, ಗರಿಗಳ ಸಂದಿಯಲ್ಲಿ ಇಳಿದು ನೆಲ ಮುಟ್ಟಿದ್ದು ಕೊನೆಗೆ. ಆ ಕೊನೆಯದನ್ನು ಆರಿಸಿಕೊಂಡರೆ ನೆಲ ಸಿಗುತ್ತದೆ. ತಪ್ಪು ಹತ್ತಿಪ್ಪತ್ತು ಸೆಂಟಿಮೀಟರಿಗೆ ಇಳಿಯುತ್ತದೆ. ಅದಕ್ಕೆ ಹಣವಿಲ್ಲದ ಕಡೆ ಉಪಗ್ರಹದ್ದೇ ಸುಧಾರಿತ ದತ್ತಾಂಶವಿದೆ. ಯುರೋಪಿನ ಕೋಪರ್ನಿಕಸ್ ದತ್ತಾಂಶದಿಂದ ಮರ ಮತ್ತು ಕಟ್ಟಡಗಳನ್ನು ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2022ರಲ್ಲಿ ಫ್ಯಾಬ್‌ಡೆಮ್ ಮಾಡಿದರು. 2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹ ಸೆಕೆಂಡಿಗೆ ಹತ್ತು ಸಾವಿರ ಲೇಸರ್ ಮಿಣುಕುಗಳಿಂದ ನೆಲವನ್ನು ಅಳೆಯುತ್ತದೆ, ಆದರೆ ತಾನು ಹಾದ ಗೆರೆಗಳ ಮೇಲೆ ಮಾತ್ರ. ನಮ್ಮದೇ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿಚಿತ್ರಗಳಿಂದ ಮಾಡಿದ ಕಾರ್ಟೋಡೆಮ್ ‘ಭುವನ್’ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗುಡ್ಡ ಕಣಿವೆ ಗುರುತಿಸಲು ಅದು ಚೆನ್ನ. ಬೆಂಗ್ರೆಯಂಥ ಚಪ್ಪಟೆ ನೆಲಕ್ಕೆ ಅದರ ತಪ್ಪೂ ಮೀಟರುಗಳಲ್ಲೇ ಇದೆ.

ಎತ್ತರ ಎಂದಕೂಡಲೇ ‘ಯಾವ ಸೊನ್ನೆಯಿಂದ?’ ಎಂದು ಕೇಳಬೇಕು. ಭಾರತದ ಎತ್ತರಗಳಿಗೆಲ್ಲ ಮೂಲವಾದ ಸೊನ್ನೆಯನ್ನು 1909ರಲ್ಲಿ ಒಂಬತ್ತು ಬಂದರುಗಳ ಉಬ್ಬರವಿಳಿತದ ಸರಾಸರಿಯಿಂದ ನಿಗದಿ ಮಾಡಿದರು. ಕರಾಚಿ, ಮುಂಬೈ, ಕೊಚ್ಚಿ, ಮದರಾಸುಗಳ ಜೊತೆ ಆ ಪಟ್ಟಿಯಲ್ಲಿ ನಮ್ಮ ಕಾರವಾರವೂ ಇದೆ. ಒಂದು ಶತಮಾನ ದಾಟಿ, 2018ರಲ್ಲಿ ಸರ್ವೆ ಆಫ್ ಇಂಡಿಯಾ ಪರಿಷ್ಕೃತ ಆಧಾರಮಟ್ಟ ಪ್ರಕಟಿಸಿತು. ಜಿಪಿಎಸ್‌ನ ಸೊನ್ನೆ ಇದಲ್ಲ. ಅದು ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪು ಗೋಳವೆಂದು ಎಣಿಸಿ ಎತ್ತರ ಹೇಳುತ್ತದೆ. ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಡಿಮೆ. ಸಮುದ್ರದ ಮೈ ಆ ಗೋಳಕ್ಕಿಂತ 106 ಮೀಟರಿನಷ್ಟು ತಗ್ಗಿದೆ. ಈ ತಗ್ಗಿಗೆ ಕಾರಣವೇನೆಂದು ಬೆಂಗಳೂರಿನ ಐಐಎಸ್‌ಸಿಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ವಿವರಿಸಿದ್ದಾರೆ. ಆ ತಗ್ಗಿನ ಅಂಚಿನಲ್ಲೇ ಮಂಗಳೂರೂ ಇದೆ. ತಿದ್ದುಪಡಿ ಮಾಡದ ಜಿಪಿಎಸ್ ಹಿಡಿದು ಪಣಂಬೂರು ಬೀಚಿನಲ್ಲಿ ನಿಂತರೆ ಎತ್ತರ ಸೊನ್ನೆಗಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗೆ ತೋರಿಸುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಕಣ್ಣಿಗೆ ಬೀಳದೆ ಉಳಿಯುವುದು ಒಂದು ಮೀಟರಿನದು. ಬಂದರಿನವರು ಕಡಲಿನ ಆಳವನ್ನು ಅಳೆಯುವುದು ಅತಿ ತಗ್ಗಿನ ಇಳಿತದ ಮಟ್ಟದಿಂದ, ನೆಲದವರು ಎತ್ತರ ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದ. ನಮ್ಮ ಕಡೆ ಇವೆರಡರ ನಡುವೆ ಹೆಚ್ಚುಕಡಿಮೆ ಒಂದು ಮೀಟರ್ ಅಂತರ. ಎರಡನ್ನೂ ಹಾಗೇ ಹೊಲಿದರೆ, ಅಲೆ ಕಡಲಿನಿಂದ ನೆಲಕ್ಕೆ ಕಾಲಿಡುವ ಜಾಗದಲ್ಲೇ ನಕ್ಷೆಯಲ್ಲಿ ಸುಳ್ಳು ಮೆಟ್ಟಿಲೊಂದು ಹುಟ್ಟುತ್ತದೆ.

ಇನ್ನು ನೀರಿನ ಅಡಿಯ ನೆಲ. ಸಾಮಾನ್ಯ ಲೈಡಾರ್ ನೀರಿನೊಳಗೆ ಇಳಿಯುವುದಿಲ್ಲ. ಹಸಿರು ಲೇಸರ್ ತಿಳಿನೀರಿನಲ್ಲಿ ಇಳಿಯುತ್ತದೆ, ಗುರುಪುರ ಹೊಳೆಯ ಕಲಕು ನೀರಿನಲ್ಲಿ ಅದೂ ಕಷ್ಟ. ದೋಣಿಗೆ ಎಕೋ ಸೌಂಡರ್ ಕಟ್ಟಿಕೊಂಡು ಹೊಳೆಯ ಪಾತ್ರವನ್ನು ಅಡ್ಡಡ್ಡ ಅಳೆಯುವುದೇ ದಾರಿ. ಅಳಿವೆ ಬಾಗಿಲಿನಲ್ಲಿ ಮರಳದಿಬ್ಬ ವರ್ಷ ವರ್ಷವೂ ಜಾಗ ಬದಲಿಸುತ್ತದೆ, ಹೂಳು ತೆಗೆದಷ್ಟೂ ತುಂಬುತ್ತದೆ. ಅಲ್ಲಿ ದಾಟುವಾಗ ದೋಣಿ ಮಗುಚಿದ ಸುದ್ದಿಗಳನ್ನು ಕೇಳುತ್ತಲೇ ಬೆಳೆದ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಳವಿದ್ದಷ್ಟೂ ಅಲೆ ಸಲೀಸಾಗಿ ಒಳಬರುತ್ತದೆ. ಹಾಗಾಗಿ ಬಾಗಿಲಿನ ಅಳತೆಯನ್ನು ಒಂದು ಸಲ ಮಾಡಿ ಕಪಾಟಿನಲ್ಲಿಟ್ಟರೆ ಪ್ರಯೋಜನ ಕಡಿಮೆ.

ಇದೆಲ್ಲ ನಮ್ಮಲ್ಲಿ ಆಗುವ ಮಾತೇ ಎಂದು ಕೇಳುವವರಿಗೆ: ಬಾಗಿಲು ತೆರೆದಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವ ನಿಯಮಗಳನ್ನು ಸಡಿಲಿಸಿತು. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ, ಬಯಲು ನೆಲಕ್ಕೆ 25 ಸೆಂಟಿಮೀಟರ್ ನಿಖರತೆಯ ಎತ್ತರದ ಮಾದರಿಯನ್ನು 2030ರೊಳಗೆ ಮುಗಿಸುವ ಗುರಿ ಇಟ್ಟುಕೊಂಡಿದೆ. 2025ರಲ್ಲಿ ನಗರಗಳ ಆಸ್ತಿ ದಾಖಲೆಗಾಗಿ ‘ನಕ್ಷಾ’ ಯೋಜನೆ ನೂರೈವತ್ತಕ್ಕೂ ಹೆಚ್ಚು ಪಟ್ಟಣಗಳಲ್ಲಿ ಶುರುವಾಯಿತು. ವಿಮಾನದಿಂದ ಅಳೆಯುವ ಲೈಡಾರೂ ಅದರ ಸಾಧನಗಳಲ್ಲಿ ಒಂದು. ಖಾತೆ, ತೆರಿಗೆಗಾಗಿ ಅಳೆದ ಎತ್ತರವನ್ನೇ ನೆರೆಗೂ ಸುನಾಮಿಗೂ ಬಳಸಬಹುದು, ಇಲಾಖೆಗಳು ಒಂದಕ್ಕೊಂದು ಕೊಡುವ ಮನಸ್ಸು ಮಾಡಿದರೆ. ಕಂದಾಯದವರ ಡ್ರೋನ್ ಬೇರೆ, ವಿಪತ್ತು ನಿರ್ವಹಣೆಯವರ ಡ್ರೋನ್ ಬೇರೆ ಹಾರುವುದನ್ನು ನೋಡುವ ಭಾಗ್ಯ ನಮಗೆ ಬಾರದಿರಲಿ. ಅಮೆರಿಕದ ಕ್ಯಾಲಿಫೋರ್ನಿಯಾ 2009ರಲ್ಲಿ ಮಾಡಿದ ತನ್ನ ಸುನಾಮಿ ನಕ್ಷೆಗಳನ್ನು 2021ರಿಂದ ಜಿಲ್ಲೆ ಜಿಲ್ಲೆಯಾಗಿ ಮತ್ತೆ ಬರೆಯಿತು. ಹೊಸ ಎತ್ತರದ ದತ್ತಾಂಶ ಬಂದದ್ದು ಅದಕ್ಕೊಂದು ಮುಖ್ಯ ಕಾರಣ.

ಹೊಸ ನಕ್ಷೆ ಸರಿಯಿದೆಯೇ ಎಂದು ಪರೀಕ್ಷಿಸಲು ಸುನಾಮಿಗಾಗಿ ಕಾಯಬೇಕಿಲ್ಲ, ಮಂಗಳೂರಿಗೆ ಪ್ರತಿ ಜೂನ್‌ನಲ್ಲೂ ಪರೀಕ್ಷೆ ಬರುತ್ತದೆ. ಒಂದು ಜೋರು ಮಳೆಯ ಸಂಜೆ ಕೊಟ್ಟಾರ ಚೌಕಿಯಲ್ಲಿ ನೀರು ಯಾವ ಅಂಗಡಿಯ ಮೆಟ್ಟಿಲವರೆಗೆ ಬಂತು ಎಂಬುದಕ್ಕೆ ನೂರಾರು ಮೊಬೈಲ್ ವಿಡಿಯೊಗಳಿವೆ. ಆ ಮಟ್ಟವನ್ನು ಹೊಸ ದತ್ತಾಂಶದ ಮೇಲೆ ಹರಿಸಿ ನೋಡಲಿ. ಮುಳುಗಿದ ಅಂಗಡಿ ನಕ್ಷೆಯಲ್ಲೂ ಮುಳುಗಿದರೆ, ಒಣಗಿದ್ದ ಓಣಿ ಒಣಗಿಯೇ ಉಳಿದರೆ, ನೆಲ ಸರಿಯಾಗಿದೆ ಎಂದು ನಂಬಬಹುದು. ಸುನಾಮಿಯ ಓಟ ಬೇರೆ, ಮಳೆನೀರಿನ ನಡೆ ಬೇರೆ ನಿಜ. ಎರಡೂ ತಗ್ಗು ಹುಡುಕುವುದು ಮಾತ್ರ ಒಂದೇ ನೆಲದಲ್ಲಿ.

ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಗೆರೆಯ ಆಚೆಯವರು ನಿಶ್ಚಿಂತೆಯಿಂದ ಇರಬಾರದು ಎಂಬುದಕ್ಕೆ ಜಪಾನಿನ ಕಮೈಶಿಯ ಉದಾಹರಣೆ ಪ್ರಸಿದ್ಧ. ಅಲ್ಲಿನ ಉನೊಸುಮಾಯಿ ಶಾಲೆ ಅಪಾಯ ನಕ್ಷೆಯ ಗೆರೆಯ ಹೊರಗಿತ್ತು. 2011ರಲ್ಲಿ ನೀರು ಶಾಲೆಯನ್ನೂ ಮುಳುಗಿಸಿತು. ಮಕ್ಕಳು ಅಷ್ಟರಲ್ಲಿ ಗುಡ್ಡ ಹತ್ತಿಯಾಗಿತ್ತು. ನಕ್ಷೆಯನ್ನು ಪೂರ್ತಿ ನಂಬಬೇಡಿ ಎಂದು ತೊಶಿತಾಕಾ ಕಟಾಡಾ ಎಂಬ ಪ್ರಾಧ್ಯಾಪಕರು ವರ್ಷಗಳಿಂದ ಅವರಿಗೆ ಕಲಿಸುತ್ತಾ ಬಂದಿದ್ದರು. ಅದೇ ಊರಿನಲ್ಲಿ ಗೆರೆಯ ಹೊರಗಿದ್ದೇವೆ ಎಂದು ಮನೆಯಲ್ಲೇ ಉಳಿದ ಹಿರಿಯರು ಅನೇಕರು ತೀರಿಕೊಂಡರು. ಆದ್ದರಿಂದ ಒಂದೇ ಗೆರೆ ಎಳೆಯುವ ಬದಲು, ಸಣ್ಣ ಅಲೆ, ದೊಡ್ಡ ಅಲೆ, ಊಹಿಸಬಹುದಾದ ಅತಿ ದೊಡ್ಡ ಅಲೆ ಎಂದು ಪಟ್ಟೆಗಳಾಗಿ ಬಣ್ಣ ಹಾಕುವುದು ಒಳ್ಳೆಯದು. ದತ್ತಾಂಶದ ತಪ್ಪು ಎಷ್ಟು ಎಂಬುದನ್ನೂ ನಕ್ಷೆಯ ಮೂಲೆಯಲ್ಲಿ ಬರೆಯಲಿ.

ದೇರೆಬೈಲಿನ ಗುಡ್ಡದ ಮೇಲಿನವರು ಇಂಥ ನಕ್ಷೆಯಲ್ಲಿ ತಮ್ಮ ಮನೆಗೆ ಯಾವ ಬಣ್ಣ ಬಿದ್ದಿದೆ ಎಂದು ಹುಡುಕಿದರೆ ಏನೂ ಸಿಗಲಿಕ್ಕಿಲ್ಲ. ಆದರೂ ನಕ್ಷೆಯಲ್ಲಿ ಅವರಿಗೊಂದು ಪಾತ್ರವಿದೆ: ಕೆಳಗಿನವರು ಹತ್ತಿ ಬರುವ ಜಾಗ ಅದು. ಕೊಟ್ಟಾರದಿಂದ ಕೊಂಚಾಡಿಯತ್ತ ಏರುವ ರಸ್ತೆಗಳಲ್ಲಿ ಮಾಮೂಲಿ ಸಂಜೆಯೇ ವಾಹನಗಳು ಒಂದರ ಹಿಂದೊಂದು ಕಾಯುತ್ತವೆ. ಎಚ್ಚರಿಕೆ ಬಂದ ದಿನ ಎಷ್ಟು ಜನ ಕಾಲ್ನಡಿಗೆಯಲ್ಲಿ ಬರಬಹುದು, ಯಾವ ಶಾಲೆಯ ಮೈದಾನದಲ್ಲಿ ನಿಲ್ಲಬಹುದು, ಕುಡಿಯುವ ನೀರು ಎಲ್ಲಿಂದ ಎಂಬುದೂ ಅದೇ ಹಾಳೆಯಲ್ಲಿ ಇರಬೇಕು.

ಕೆಲಸ ಶುರುವಾಗಬೇಕಾದದ್ದು ಬೆಂಗ್ರೆಯಿಂದ. ಒಡಿಶಾದ ವೆಂಕಟ್ರಾಯ್‌ಪುರ ಮತ್ತು ನೋಲಿಯಾಸಾಹಿ 2020ರಲ್ಲಿ ಯುನೆಸ್ಕೊದ ‘ಸುನಾಮಿ ಸನ್ನದ್ಧ’ ಮಾನ್ಯತೆ ಪಡೆದವು, 2024ರಲ್ಲಿ ಅದೇ ರಾಜ್ಯದ ಇನ್ನೂ 24 ಹಳ್ಳಿಗಳು ಸೇರಿದವು. ಅದಕ್ಕಿರುವ ಹನ್ನೆರಡು ಮಾನದಂಡಗಳಲ್ಲಿ ಅಪಾಯ ವಲಯದ ನಕ್ಷೆಯೂ ತೆರವಿನ ದಾರಿ ತೋರಿಸುವ ಫಲಕಗಳೂ ಇವೆ. ಕಸಬಾ ಬೆಂಗ್ರೆಯಲ್ಲಿ ಅಂಥದ್ದೊಂದು ಫಲಕ ನಿಲ್ಲಿಸುವುದಾದರೆ ಅದರ ಬಾಣ ಉತ್ತರಕ್ಕೆ, ಏಳೆಂಟು ಕಿಲೋಮೀಟರ್ ದೂರದ ಕೂಳೂರಿನ ಕಡೆಗೆ ತಿರುಗಬೇಕೋ, ಅಲ್ಲೇ ಇರುವ ಗಟ್ಟಿ ಕಟ್ಟಡವೊಂದರ ಮೇಲ್ಮಹಡಿಗೋ? ನಡುದಾರಿಯಲ್ಲಿ ಆ ಒಂದೇ ರಸ್ತೆ ಎಲ್ಲಿ ತಗ್ಗುತ್ತದೆ, ಎಷ್ಟು ಸೆಂಟಿಮೀಟರ್ ತಗ್ಗುತ್ತದೆ ಎಂದು ಅಳೆದವರು ಮಾತ್ರ ಇದಕ್ಕೆ ಉತ್ತರ ಬರೆಯಬಹುದು.